ಆಣೆಗೆ ಆರು

"ಇಪ್ಪತ್ತು ಕಮ್ಮಿ ಕಣಮ್ಮ," ಎಂದು ಗುಮಾಸ್ತ ನಾಣ್ಯಗಳನ್ನೆಲ್ಲ ಮೇಜಿನ ಅಂಚಿಗೆ ಸರಿಸಿದ.

ಸೋಮಿ ನಕ್ಕಳು. ಕಚೇರಿಯವರೂ ಒಮ್ಮೊಮ್ಮೆ ತಮಾಷೆ ಮಾಡುತ್ತಾರೆ ಅಂದುಕೊಂಡಳೋ ಏನೋ. ಕಿಟಕಿಯ ಸರಳು ಹಿಡಿದುಕೊಂಡು, "ಇನ್ನೊಂದ್ ಕಿತ ಎಣ್ಸಿ ಬುದ್ದಿ. ಎಂಬತ್ತಾಣೆ ಸರ್ಯಾಗೈತೆ. ನಾನು ಎಣ್ಸಿವ್ನಿ, ನಮ್ ಚಿಕ್ಕಬೊಮ್ಮಜ್ಜ ಎಣ್ಸವ್ನೆ," ಎಂದಳು.

"ಎಂಬತ್ತಾಣೆ ಅಂದ್ರೆ ಐದು ರೂಪಾಯಿ. ಐದು ರೂಪಾಯಿ ಅಂದ್ರೆ ಐನೂರು ನಯಾ ಪೈಸೆ. ಇಲ್ಲಿರೋದು ನಾನೂರೆಂಬತ್ತು."

"ಎಂಬತ್ತು ಗುಡ್ಡೆ ಬುದ್ದಿ, ಗುಡ್ಡೆಗೆ ಆರು. ಆಣೆಗೆ ಆರು. ನಮ್ ಮೇಷ್ಟ್ರೇ ಏಳ್ಕೊಟ್ಟವ್ರೆ."

ಅವಳ ಹಿಂದೆ ಬೆಂಚಿನ ಮೇಲೆ ಕೂತಿದ್ದ ನೀಲಕಂಠಸ್ವಾಮಿ ಅದರ ತುದಿಗೆ ಸರಿದ. ಆ ಮೇಷ್ಟ್ರು ಅವನೇ. ಅಕ್ಷರ ಬಲ್ಲವರು ಒಬ್ಬರು ಜೊತೆಗಿರಲಿ ಅಂತ ಸೋಮಿಯೇ ಬೆಳಿಗ್ಗೆ ಅವನ ಮನೆಯ ಮುಂದೆ ನಿಂತು ಕರೆದುಕೊಂಡು ಬಂದಿದ್ದಳು. ನಾಲ್ಕು ಮೈಲಿ ಅವಳ ಹಿಂದೆ ನಡೆದು ಬಂದವನು ಒಮ್ಮೆಯಾದರೂ, ಎಷ್ಟು ತಂದಿದ್ದೀಯೆ, ಬಿಚ್ಚು ನೋಡೋಣ ಅಂತ ಕೇಳಬಾರದಿತ್ತೇ? ಕೇಳಲಿಲ್ಲ. ಕೇಳಿದರೆ ಉತ್ತರ ಏನು ಬರುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು.

ಸೋಮಿಯ ಗಂಡ ಚೆನ್ನ ಆ ತಾಲ್ಲೂಕು ಕಚೇರಿಯ ಹಿಂಬದಿಯ ಲಾಕಪ್ಪಿನಲ್ಲಿದ್ದ. ಗುಡಿಸಲಿನ ಸೂರಿಗೆ ಸರ್ಕಾರಿ ಕಾಡಿನಲ್ಲಿ ಎರಡು ಬಿದಿರು ಕಡಿದಿದ್ದ, ಅಷ್ಟೇ. ಐದು ರೂಪಾಯಿ ದಂಡ, ಕಟ್ಟದಿದ್ದರೆ ಎರಡು ಗಂಟೆಯ ಬಸ್ಸಿಗೆ ಮೈಸೂರು ಜೈಲು, ಹದಿನೈದು ದಿನ. ಹದಿನೈದು ದಿನ ಏನು ಮಹಾ ಅನ್ನಬಹುದು ಹೆಗ್ಗಡದೇವನಕೋಟೆ ಪೇಟೆಯ ಜನ. ಹೋದ ವರ್ಷ ಸೋಮಿಯ ಹಾಡಿಯಿಂದಲೇ, ಕಾಡಂಚಿನ ಆ ಗುಡಿಸಲುಗಳ ಗುಂಪಿನಿಂದಲೇ, ಕುಳ್ಳಿಯ ಗಂಡ ಹಾಗೇ ಹೋದವನು ಕೆಮ್ಮು ಹತ್ತಿಸಿಕೊಂಡು ಬಂದು, ತಿಂಗಳು ತುಂಬುವುದರೊಳಗೆ ಮಣ್ಣಾಗಿದ್ದ. ಅದಕ್ಕೇ ಮೂವತ್ತು ಗುಡಿಸಲಿನವರೂ ಜೇನು ಮಾರಿ, ಸೀಗೆಕಾಯಿ ಮಾರಿ, ಈ ಎಂಬತ್ತು ಗುಡ್ಡೆ ಕೂಡಿಸಿದ್ದರು.

ಸೋಮಿಯ ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಪಾಠದಲ್ಲಿ.

ಏಪ್ರಿಲ್ ತಿಂಗಳಲ್ಲಿ ಆಣೆಯ ಬದಲು ನಯಾ ಪೈಸೆಯ ಹೊಸ ನಾಣ್ಯ ಬಂದಾಗ ಶಾಲೆಗೆ ಒಂದು ಬಣ್ಣದ ಪಟ ಬಂದಿತ್ತು. ಒಂದಾಣೆಗೆ ಆರು, ಎರಡಕ್ಕೆ ಹನ್ನೆರಡು, ಮೂರಕ್ಕೆ ಹತ್ತೊಂಬತ್ತು, ನಾಲ್ಕಕ್ಕೆ ಇಪ್ಪತ್ತೈದು. ಊರಿನವರು ಮೇಷ್ಟ್ರು ಬಾಯಿ ತೆಗೆಯುವ ಮೊದಲೇ ಅದನ್ನು ಕಲಿತುಬಿಟ್ಟಿದ್ದರು. ಕಾಡಂಚಿನ ಜೇನುಕುರುಬರ ಹಾಡಿಗೆ ಮಾತ್ರ ಯಾರೂ ಹೋಗುವವರಿರಲಿಲ್ಲ. ಪಾಪ, ಅವರಿಗೆ ಯಾರಾದರೂ ಟೋಪಿ ಹಾಕುತ್ತಾರೆ ಅಂತ ನೀಲಕಂಠಸ್ವಾಮಿ ತಾನೇ ಪಟ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟ. ಮಿರ್ಲೆಯ ಕಾಲುವೆ ಬಯಲಿನಲ್ಲಿ ಬೆಳೆದವನು. ಕಾಡಿನ ಜನಕ್ಕೆ ಒಳ್ಳೆಯದು ಮಾಡಬೇಕು ಅನ್ನುವ ಆಸೆ ಅವನಲ್ಲಿ ನಿಜವಾಗಿಯೂ ಇತ್ತು. ಆಸೆಗೇನು ಬರಗಾಲ!

ಹಾಡಿಯಲ್ಲಿ ಎಲ್ಲರೂ ಹೊಂಗೆ ಮರದ ಕೆಳಗೆ ಕೂತರು. ಸೋಮಿ ಹುಣಿಸೆ ಬೀಜ ತಂದು ಆರಾರರ ಗುಡ್ಡೆ ಮಾಡಿದಳು. ಮೂರು ಗುಡ್ಡೆ ಕೂಡಿಸಿ ಎಣಿಸಿ, "ಅದಿನೆಂಟೇ ಅಲ್ವಾ ಬುದ್ದಿ? ನಿಮ್ ಪಟದಾಗೆ ಒಂದ್ ಜಾಸ್ತಿ ಐತಲ್ಲ?" ಎಂದಳು. ಅವನಿಗೆ ಖುಷಿಯೇ ಆಯಿತು, ಎಷ್ಟು ಚುರುಕು ಅಂತ.

"ಸರಿಯಾಗಿ ಹೇಳ್ಬೇಕು ಅಂದ್ರೆ ಆಣೆಗೆ ಆರಲ್ಲ ಸೋಮಿ. ಆರೂ ಕಾಲು."

"ಕಾಲಾ?"

"ನಂದೇ ಐತೆ, ತಕಳಿ ಬುದ್ದಿ," ಎಂದು ಚೆನ್ನ ಕೂತಲ್ಲಿಂದಲೇ ತನ್ನ ಕಾಲು ಎತ್ತಿ ತೋರಿಸಿದ. ಹಾಡಿಗೆ ಹಾಡಿಯೇ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರೂ ನಕ್ಕ.

ಆಮೇಲೆ ನೆಲದ ಮೇಲೆ ಗುಂಡಗೆ ಗೆರೆ ಎಳೆದು ನಾಲ್ಕು ಭಾಗ ಮಾಡಿ ತೋರಿಸಿದ. ಕಡ್ಡಿ ಮುರಿದು ತೋರಿಸಿದ. ಹಾಡಿಯ ಯಜಮಾನ ಚಿಕ್ಕಬೊಮ್ಮ ಎಲ್ಲವನ್ನೂ ಗಮನವಿಟ್ಟು ನೋಡಿ, ಸೊಂಟದಿಂದ ಕತ್ತಿ ತೆಗೆದು ಅವನ ಮುಂದೆ ಹಿಡಿದ. "ಪೈಸೇನೇ ಕೂದು ತೋರ್ಸಿ ಬುದ್ದಿ, ನೋಡವ."

"ಪೈಸೆ ಕೊಯ್ಯೋಕಾಗಲ್ಲ ಅಜ್ಜ."

"ಅಂಗಾರೆ ಸರ್ಕಾರ್ದೋರೇ ಕಾಲು ಮಾಡಿ ಕಳ್ಸವ್ರಾ?"

"ಇಲ್ಲ. ಕಾಲು ಪೈಸೆ ಅಂತ ನಾಣ್ಯ ಇಲ್ಲ."

"ಇಲ್ದಿದ್ದುನ್ನ ಯಾಕ್ ಏಳ್ತೀರಿ?"

ಹೊತ್ತು ನೆತ್ತಿಗೇರಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. "ಆಯ್ತು ಬಿಡಿ, ಆ ಕಾಲು ಬಿಟ್ಟಾಕಿ," ಎಂದುಬಿಟ್ಟ ನೀಲಕಂಠಸ್ವಾಮಿ. "ಆಣೆಗೆ ಆರು. ಇಷ್ಟು ನೆನಪಿಟ್ಕೊಳ್ಳಿ ಸಾಕು. ಯಾರೂ ನಿಮಗೆ ಮೋಸ ಮಾಡೋಕಾಗಲ್ಲ." ಆಣೆಗೆ ಆರು, ಆಣೆಗೆ ಆರು ಅಂತ ಹೆಂಗಸರು ಮಕ್ಕಳೆಲ್ಲ ಒಟ್ಟಿಗೆ ಹೇಳಿದರು. ಮುತ್ತುಗದ ಎಲೆಯ ದೊನ್ನೆಯಲ್ಲಿ ಜೇನು ಕೊಟ್ಟರು. ಅದನ್ನು ನೆಕ್ಕುತ್ತಾ ಮನೆಗೆ ಬಂದವನಿಗೆ ಆ ದಿನ ತನ್ನ ಬಗ್ಗೆ ತನಗೇ ಮೆಚ್ಚಿಗೆಯಾಗಿತ್ತು.

ಮನೆ ಅಂದರೆ ಮಾವನ ಮನೆ. ಮಾವ ಗುರುಮಲ್ಲಪ್ಪನವರಿಗೆ ಆ ಕಡೆಯ ಕಾಡಿನ ಜೇನು, ಸೀಗೆ, ಅಂಟುವಾಳದ ಗುತ್ತಿಗೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಶಿವನಾಮ. ಗಟ್ಟಿಯಾಗಿ ಮಾತಾಡಿದವರಲ್ಲ, ಯಾರನ್ನೂ ಬೈದವರಲ್ಲ. ಮಗಳು ನೀಲಾಂಬಿಕೆಯನ್ನು ಕೊಟ್ಟು, ಅಳಿಯನಿಗೆ ಪಡಸಾಲೆಯ ಪಕ್ಕದ ಕೋಣೆ ಕೊಟ್ಟು, ಎರಡು ಹೊತ್ತು ಊಟ ಹಾಕಿ ಇಟ್ಟುಕೊಂಡಿದ್ದರು. ಪಾಠವಾದ ವಾರಕ್ಕೆ ಅವರ ಅಂಗಡಿಯ ಜಗಲಿಯ ಮೇಲೆ ಸೋಮಿ ಜೇನು ಅಳೆದು ಕೊಡುವುದನ್ನು ನೀಲಕಂಠಸ್ವಾಮಿ ನೋಡಿದ. ಎಂಟಾಣೆಯ ಜೇನು. ಮಾವ ಆರಾರರಂತೆ ಎಂಟು ಗುಡ್ಡೆ ಇಟ್ಟರು. ಸೋಮಿ ಆಣೆಗೆ ಆರು ಅಂತ ಹಾಡುತ್ತಾ ಬಾಚಿಕೊಂಡಳು. ಮೇಷ್ಟ್ರನ್ನು ಕಂಡು, "ಸರ್ಯಾಗೈತೆ ಬುದ್ದಿ!" ಎಂದು ಹಲ್ಲು ಬಿಟ್ಟಳು.

ಊಟಕ್ಕೆ ಕೂತಾಗ ಅವನು ಮೆಲ್ಲಗೆ ತೆಗೆದ. "ಮಾವ, ಎಂಟಾಣೆಗೆ ಐವತ್ತಾಗ್ತದೆ."

"ಗೊತ್ತು ಕಣಪ್ಪ. ನೀನೇ ಅಲ್ವಾ ಅವರ್ಗೆ ಆರು ಅಂತ ಏಳ್ಕೊಟ್ಟಿದ್ದು? ಮೊದಲ್ನೇ ದಿನ ಐವತ್ತೇ ಕೊಟ್ಟೆ, ಸಿವನಾಣೆಗೂ. ಜಾಸ್ತಿ ಬಂದೈತೆ ಅಂತ ಅವಳೇ ಎರಡು ವಾಪಸ್ ಕೊಟ್ಲು. ಬೇಕಾರೆ ಕೇಳು. ನಮ್ ಮೇಷ್ಟ್ರು ಮಾತು ಅಂದ್ಲು. ನಿನ್ ಮಾತ್ನ ನಾನು ಸುಳ್ಳು ಮಾಡಕಾಯ್ತದಾ?"

ಅದು ನಿಜವೇ ಆಗಿತ್ತು. ಅದೇ ಇನ್ನೂ ಕೆಟ್ಟದ್ದಾಗಿತ್ತು. ನೀಲಾಂಬಿಕೆ ಮುದ್ದೆಯ ಮೇಲೆ ತುಪ್ಪ ಬಿಟ್ಟಳು. ನಾಳೆ ಹಾಡಿಗೆ ಹೋಗಿ ಸರಿಮಾಡಿ ಬರುತ್ತೇನೆ ಅಂದುಕೊಂಡು ಅವನು ಉಂಡ. ನಾಳೆ ಬಿಸಿಲು ಜಾಸ್ತಿಯಾಯಿತು, ನಾಳಿದ್ದು ಪರೀಕ್ಷೆ ಬಂತು, ಆಮೇಲೆ ರಜೆ ಬಂತು. ರೂಪಾಯಿಗೆ ನಾಲ್ಕು ಪೈಸೆ ತಾನೇ ಅಂತ ಒಂದು ದಿನ ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಂಡ ಮೇಲೆ ಹಾಡಿಯ ದಾರಿಯನ್ನೇ ಬಿಟ್ಟ.

ಈಗ ಗುಮಾಸ್ತ ಎರಡನೆಯ ಸಲ ಎಣಿಸಿ ಮುಗಿಸಿದ್ದ. "ಆಣೆಗೆ ಆರಂತೆ ಆರು! ಯಾವನಮ್ಮ ನಿನ್ನ ಆ ಮೇಷ್ಟ್ರು? ಮೊದಲು ಅವನನ್ನ ಒಂದನೇ ಕ್ಲಾಸಿಗೆ ಸೇರಿಸ್ಬೇಕು."

ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ಮಾನಂದವಾಡಿ ಕಡೆಯಿಂದ ಶುಂಠಿ ವ್ಯಾಪಾರಕ್ಕೆ ಬಂದಿದ್ದ ಮಲೆಯಾಳಿ ಮಾಪಿಳ್ಳೆಯೊಬ್ಬ ಮುಂದೆ ಬಗ್ಗಿ, "ಆರಲ್ಲ ಅಮ್ಮಾ, ಆರೇಕಾಲ್. ಆರೇಕಾಲ್. ಒಂದು ರೂಪಾಯಿಗೆ ನೂರು," ಎಂದು ತನ್ನ ಮುರುಕು ಕನ್ನಡದಲ್ಲಿ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಸೋಮಿ ಅವನ ಮೇಲೆ ಹರಿಹಾಯ್ದಳು.

"ನೀನ್ಯಾವನಯ್ಯ? ಕಾಲಂತೆ ಕಾಲು! ನಮ್ ಮೇಷ್ಟ್ರು ಅಕ್ಸರ ಕಲ್ತವ್ರು, ಸುಳ್ಳೇಳ್ತಾರಾ? ಅಗೋ, ಇಲ್ಲೇ ಕುಂತವ್ರೆ, ಕೇಳು. ಏಳಿ ಬುದ್ದಿ, ಆಣೆಗೆ ಎಷ್ಟು?"

ಕಚೇರಿಯೆಲ್ಲ ತಿರುಗಿ ನೋಡಿತು. ನೀಲಕಂಠಸ್ವಾಮಿ ಎದ್ದು ನಿಂತ. ತಪ್ಪು ನನ್ನದು, ಆಣೆಗೆ ಆರೂಕಾಲು, ಎರಡು ತಿಂಗಳಿಂದ ನಿಮಗೆಲ್ಲ ಅನ್ಯಾಯವಾಗಿದೆ. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟು ಹೇಳಿ, ಜೇಬಿನಲ್ಲಿದ್ದ ಎರಡು ಹತ್ತರ ಬಿಲ್ಲೆ ಮೇಜಿನ ಮೇಲಿಟ್ಟಿದ್ದರೆ ಮುಗಿಯುತ್ತಿತ್ತು. ಗುಮಾಸ್ತ ಪೆನ್ನು ಕಚ್ಚಿಕೊಂಡು, "ಓಹೋ, ತಾವೇನೋ!" ಎಂದ. ಅದೇ ಹೊತ್ತಿಗೆ ಬಾಗಿಲಲ್ಲಿ ಗುತ್ತಿಗೆಯ ಕಾಗದ ಹಿಡಿದುಕೊಂಡು ಗುರುಮಲ್ಲಪ್ಪ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ಅಳಿಯನ ಕಡೆ ನೋಡಲಿಲ್ಲ, ಗೋಡೆಯ ಗಡಿಯಾರ ನೋಡುತ್ತಿದ್ದರು. ಒಂದೂವರೆ.

"ಲೆಕ್ಕ ಸರಿಯಾಗೇ ಇದ್ದಿರ್ಬೇಕು ಸೋಮಿ," ಎಂದ ನೀಲಕಂಠಸ್ವಾಮಿ. ಜೇಬಿಗೆ ಕೈ ಹಾಕಿ ಬಿಲ್ಲೆಗಳನ್ನು ತೆಗೆದ. "ದಾರೀಲಿ ಬಿದ್ದೋಗಿರ್ತವೆ. ಗಂಟು ಸಡಿಲ ಆಗಿರ್ಬೇಕು. ಇರಲಿ, ನಾನು ಕೊಡ್ತೀನಿ."

ಛೀ ಅನ್ನುವವರು ಅಲ್ಲಿ ಯಾರೂ ಇರಲಿಲ್ಲ. ಮಾಪಿಳ್ಳೆ ಏನೋ ಹೇಳಹೋಗಿ, ತನಗ್ಯಾಕೆ ಅಂತ ಸಾಲಿನಲ್ಲಿ ತನ್ನ ಜಾಗಕ್ಕೆ ಸರಿದ. ಗುಮಾಸ್ತ ರಸೀದಿ ಹರಿದ. ಬಾಗಿಲಲ್ಲಿದ್ದ ಗುರುಮಲ್ಲಪ್ಪ ಶಲ್ಯ ಸರಿಮಾಡಿಕೊಂಡು ಒಳಗೆ ಬಂದರು.

ಸೋಮಿ ಮಾತ್ರ ಕಿಟಕಿ ಬಿಟ್ಟು ಕದಲಲಿಲ್ಲ. ಸೀರೆಯ ಸೆರಗನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು, ಗಂಟು ಕಟ್ಟಿದ್ದ ಜಾಗವನ್ನು. "ನಾ ಕಟ್ಟಿದ್ ಗಂಟಾ?" ಎಂದಳು ಯಾರಿಗೂ ಅಲ್ಲದ ಹಾಗೆ. ಚೆನ್ನ ಹೆಜ್ಜೇನಿಗೆ ಬಂಡೆಯಿಂದ ಕೆಳಗಿಳಿಯುವಾಗ ಬಳ್ಳಿಯ ಹಗ್ಗಕ್ಕೆ ಗಂಟು ಹಾಕುವವಳು ಅವಳೇ. ಹನ್ನೆರಡು ವರ್ಷದಿಂದ ಅವನ ಜೀವ ಅವಳ ಗಂಟಿನ ಮೇಲೆ ಜೋತಾಡುತ್ತಿತ್ತು. ನೀಲಕಂಠಸ್ವಾಮಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಸುಳ್ಳು ಹೇಳುವಾಗ ನೆನಪಾಗಲಿಲ್ಲ.

ಚೆನ್ನ ಹೊರಗೆ ಬಂದ. ಮೂರು ದಿನಕ್ಕೇ ಕಣ್ಣುಗಳು ಒಳಗೆ ಹೋಗಿದ್ದವು. ಸೋಮಿ ನಡೆದದ್ದನ್ನೆಲ್ಲ ಹೇಳಿದಳು. ಅವನು ಮೇಷ್ಟ್ರಿಗೆ ಕೈಮುಗಿದು, "ನಿಮ್ ಋಣ ತೀರ್ಸಾಕಾಯ್ತದಾ ಬುದ್ದಿ? ಓಗ್ತಾ ಉಡುಕ್ತೀವಿ. ಸಿಕ್ರೆ ಸಂಜೀಕೆ ತಂದ್ಕೊಡ್ತೀವಿ," ಎಂದ.

"ಬೇಡ, ಬೇಡ ಕಣೋ ಚೆನ್ನ. ಹುಡುಕ್ಬೇಡಿ. ಇಪ್ಪತ್ತು ಪೈಸೆ ತಾನೇ?"

"ಅದೆಂಗಾಯ್ತದೆ? ನಮ್ ಆಡಿಯೋರ್ ದುಡ್ಡು." ಚೆನ್ನ ಹೆಂಡತಿಯ ಕೈಯನ್ನೊಮ್ಮೆ ನೋಡಿದ. ಜೋರು ಮಾಡಲಿಲ್ಲ, ಬೈಯಲಿಲ್ಲ. "ಇನ್ ಮ್ಯಾಕೆ ಬಂಡೆ ಗಂಟು ನಾನೇ ಕಟ್ಕತೀನಿ ಬುಡು," ಎಂದ ಅಷ್ಟೆ. ಸೋಮಿ ತಲೆ ತಗ್ಗಿಸಿದಳು. ಇಬ್ಬರೂ ಕಚೇರಿಯ ಮೆಟ್ಟಿಲಿನಿಂದಲೇ ನೆಲ ನೋಡುತ್ತಾ ಹೊರಟರು.

ಕರೆದು ನಿಲ್ಲಿಸಬಹುದಿತ್ತು. ಬೀದಿಯ ತಿರುವಿನವರೆಗೂ ಅವರು ಕೂಗಳತೆಯಲ್ಲೇ ಇದ್ದರು.

ಸಂಜೆಯ ಬಸ್ಸಿನಲ್ಲಿ ಮಾವ ಅಳಿಯ ಒಂದೇ ಸೀಟಿನಲ್ಲಿ ಕೂತರು. "ಒಳ್ಳೇ ಸಮಯಕ್ಕೆ ಒಳ್ಳೇ ಮಾತಾಡ್ದೆ," ಎಂದು ಗುರುಮಲ್ಲಪ್ಪ ಅವನ ತೊಡೆ ತಟ್ಟಿದರು. ಕಂಡಕ್ಟರ್ ಬಂದು ಇಬ್ಬರಿಗೆ ನಾಲ್ಕಾಣೆ ಎಂದ. ಅವರು ಕೈಚೀಲ ಬಿಚ್ಚಿ ಹತ್ತರ ಎರಡು, ಐದರ ಒಂದು ಬಿಲ್ಲೆ ಕೊಟ್ಟರು. ಇಪ್ಪತ್ತನಾಲ್ಕಲ್ಲ, ಇಪ್ಪತ್ತೈದು. ಕಂಡಕ್ಟರ್ ಎಣಿಸಲೂ ಇಲ್ಲ. ನೀಲಕಂಠಸ್ವಾಮಿ ಕಿಟಕಿಯ ಕಡೆ ತಿರುಗಿದ.

ಎರಡು ಮೈಲಿ ಕಳೆದಿರಬೇಕು. ರಸ್ತೆಯ ಬಲಗಡೆ ಚೆನ್ನ ಕಂಡ. ಕೋಲಿನಿಂದ ಒಣಹುಲ್ಲು ಸರಿಸುತ್ತಾ ನಡೆಯುತ್ತಿದ್ದ. ಇಷ್ಟು ಹೊತ್ತಿಗೆ ಹಾಡಿಯಲ್ಲಿರಬೇಕಾದವರು ಇನ್ನೂ ಅರ್ಧ ದಾರಿಯಲ್ಲಿದ್ದರು. ಇನ್ನೂ ಸ್ವಲ್ಪ ಮುಂದೆ, ಬೆಳಿಗ್ಗೆ ಎಲೆಅಡಿಕೆ ಹಾಕಿಕೊಳ್ಳಲು ತಾವು ಕೂತಿದ್ದ ಮೋರಿಯ ಪಕ್ಕದಲ್ಲಿ ಸೋಮಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಬಸ್ಸು ಹಾರ್ನ್ ಮಾಡಿತು. ಅವಳು ಒಂದಿಷ್ಟು ಪಕ್ಕಕ್ಕೆ ಸರಿದು, ತಲೆ ಎತ್ತದೆ, ದಾರಿಯ ಧೂಳನ್ನು ಬೊಗಸೆ ಬೊಗಸೆಯಾಗಿ ಎತ್ತಿ ಬೆರಳ ಸಂದಿಯಿಂದ ಸೋಸುತ್ತಲೇ ಇದ್ದಳು.