ನಿಂಬಿಗಿಡಕ್ಕೆ ಹೋಗದ ನೀರು

ಚಪಳಗಾಂವದ ಗುರುಲಿಂಗಮ್ಮನಿಗೆ ಮೈದುನ ಗುರುಸಿದ್ಧನ ಹೆಸರು ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿ. ಅದರಲ್ಲೂ ಈ ವರ್ಷ ಮೃಗಶಿರಾ ಮಳೆ ಎರಡು ಸಲ ಸುರಿದು ಹೋದ ಮೇಲೆ, ಅವನನ್ನು ಬೈಯದೆ ಆಕೆ ಒಂದು ತುತ್ತು ಬಾಯಿಗಿಟ್ಟವಳಲ್ಲ. ಕಾರಣ ಇತ್ತು ಅನ್ನಿ. ಮನೆಯ ಕೆಳಗಿನ ತಳಘರದಲ್ಲಿ ಖಡಕ್ ರೊಟ್ಟಿಯ ಬುಟ್ಟಿಗಳಿದ್ದವು. ಎಂಟು ಹೆಂಗಸರು ಹದಿನೈದು ದಿನ ಬಡಿದು, ಸುಟ್ಟು, ಒಣಗಿಸಿ ಪೇರಿಸಿದ ಜೋಳದ ರೊಟ್ಟಿ. ಮೇಲಿನ ಎರಡು ಖೋಲಿಗಳಲ್ಲಿ ಒಲೆ, ಹಿಟ್ಟು, ಹೆಂಗಸರು. ಬುಟ್ಟಿ ಇಡಲು ಬೇರೆ ಜಾಗವಿಲ್ಲ. ಸೋಮವಾರ ಸೋಲಾಪುರದ ಅಂಗಡಿಯ ಟೆಂಪೊ ಬರುವುದಿತ್ತು. ಈ ಸಲವೂ ಮೆತ್ತಗಾದ ಮಾಲು ಕೊಟ್ಟರೆ ಮತ್ತೆ ಫೋನೇ ಮಾಡುವುದಿಲ್ಲ ಎಂದು ಅಂಗಡಿಯವನು ಖಡಾಖಂಡಿತ ಹೇಳಿಬಿಟ್ಟಿದ್ದ. ತಳಘರದ ಗೋಡೆಯೋ, ತೊಟ್ಟಿಕ್ಕುತ್ತಿತ್ತು.

ಬೋರಾಮಣಿಯ ಗೌಂಡಿ ಸಾತಪ್ಪ ಆ ಗೋಡೆಗೆ ಎರಡು ಸಲ ವಾಟರ್‌ಪ್ರೂಫ್ ಪುಡಿ ಕಲಸಿ ಗಿಲಾವು ಮಾಡಿ ಹೋಗಿದ್ದ. ಎರಡೂ ಸಲ ಅದು ಹಪ್ಪಳದ ಹಾಗೆ ಉಬ್ಬಿ ಉದುರಿತ್ತು. ಮೂರನೆಯ ಸಲ ಅವನು ಗಿಲಾವು ಬಳಿಯುವ ಥಾಪಿಯನ್ನೇ ಎತ್ತಲಿಲ್ಲ.

"ಒಳಗಿಂದ ಎಷ್ಟ ಬಳದ್ರೂ ಅಷ್ಟರೀ, ಅಕ್ಕಾರ. ಗ್ವಾಡಿ ಹಿಂದ ನೀರ ನಿಂತಾವ, ಅವು ತಳ್ಳಾಕತ್ತಾವ. ಮೊದಲ ಅವು ಎಲ್ಲಿಂದ ಬರತಾವ ನೋಡಬೇಕು."

"ನೋಡೂದೇನದ? ಆ ಗುರುಸಿದ್ಧನ ಬಚ್ಚಲ ಮೋರಿ ನೀರ ಇವು. ನಾಕ ಮಂದಿ ಮುಂದ ತೋರಸ್ತೀನಿ ನೋಡು."

ಹೇಳಿದಂತೆ ಓಣಿಯ ನಾಲ್ಕು ಮಂದಿಯನ್ನು ಕರೆತಂದು ತಳಘರದಲ್ಲಿ ನಿಲ್ಲಿಸಿದಳು. ಬಟ್ಟೆಗೆ ಹಾಕುವ ನೀಲಿಯನ್ನು ಕೊಡದಲ್ಲಿ ಕದಡಿ, ಗುರುಸಿದ್ಧನ ಮನೆಗೆ ನುಗ್ಗಿ ಅವನ ಮೋರಿಗೆ ಸುರಿದಳು. ಅವನು ಬಾಗಿಲಿಗೆ ಒರಗಿ ನಿಂತು ನೋಡಿದ.

"ನನ್ನ ಮೋರಿಗೆ ನೀಲಿ ಆತು. ನಿಮ್ಮ ಮಾಳಿಗಿ ಪೈಪಿಗೆ ಗುಲಾಲ ಹಾಕ್ರಿ, ವೈನಿ. ಅಂಜಿಕಿ ಇಲ್ಲಂದ್ರ."

"ನನಗ್ಯಾರ ಅಂಜಿಕಿ?"

ಆ ಪೈಪಿನ ಕಥೆ ಹೇಳಲೇಬೇಕು. ಮಾವನ ಕಾಲದಲ್ಲಿ ಮಾಳಿಗೆಯ ನೀರು ಈಗ ಗುರುಸಿದ್ಧನ ಪಾಲಿಗೆ ಬಂದ ಅಂಗಳದ ಮೂಲಕ ಗಟಾರಕ್ಕೆ ಹೋಗುತ್ತಿತ್ತು. ದಾರಿಯಲ್ಲಿ ಒಂದು ನಿಂಬಿಗಿಡ ಆ ನೀರು ಕುಡಿದು ಬೆಳೆದಿತ್ತು. ಮನೆ ಎರಡಾದ ಮರುವರ್ಷ ಆ ಗಿಡ ಮೈತುಂಬ ಕಾಯಿ ಬಿಟ್ಟಿತು. ಈಕೆಗೆ ತಡೆಯಲಾಗಲಿಲ್ಲ. ನನ್ನ ಮಾಳಿಗೆಯ ನೀರು ಕುಡಿದು ಅವನ ಗಿಡ ಕಾಯಿ ಬಿಡುವುದೆಂದರೇನು? ಪೈಪನ್ನು ತಿರುಗಿಸಿ ತನ್ನ ಅಂಗಳದ ಹಳೆಯ ಹಗೇವಿಗೆ ಬಿಟ್ಟಳು. ಹಿಂದಿನವರು ನೆಲದೊಳಗೆ ಜೋಳ ತುಂಬಿಡುತ್ತಿದ್ದ ಗುಂಡಿ ಅದು. ನಲವತ್ತು ಚೀಲ ನುಂಗಿದ ಹಗೇವು, ನಾಲ್ಕು ಮಳೆ ನೀರು ನುಂಗದೇ ಎಂಬುದು ಆಕೆಯ ಲೆಕ್ಕ.

ಈಗ ಅದೇ ಪೈಪಿಗೆ ತಾನೇ ಗುಲಾಲು ಸುರಿದು, ಮೇಲೆ ಹತ್ತು ಕೊಡ ನೀರು ಹೊಯ್ದು, ಗೆದ್ದವಳ ಹಾಗೆ ತಳಘರಕ್ಕೆ ಇಳಿದಳು. ಗುರುಸಿದ್ಧನೂ ಹಿಂದೆಯೇ ಬಂದ.

ಎಲ್ಲರೂ ಗೋಡೆಗೆ ಕಣ್ಣು ನೆಟ್ಟು ನಿಂತರು. ನೀಲಿ ಬರಲಿಲ್ಲ. ಆಮೇಲೆ ಗೋಡೆಯ ಸಂದಿಯಿಂದ ಒಂದು ಕೆಂಪು ಗೆರೆ ಇಳಿಯಿತು. ಅದರ ಪಕ್ಕದಲ್ಲಿ ಇನ್ನೊಂದು ಇಳಿದು, ಮೊದಲ ಬುಟ್ಟಿಯ ಬುಡವನ್ನು ತೋಯಿಸಿತು.

"ಮಾಳಿಗಿ ಪೈಪ ಹಗೇವಿನಾಗ ಬಿಟ್ಟೀರಿ?" ಸಾತಪ್ಪ ತಲೆ ಚಚ್ಚಿಕೊಂಡ. "ಕಾಳಿಗೆ ಹಸಿ ತಾಗಬಾರದು ಅಂತ ಸುಣ್ಣದ ಗಚ್ಚ ಹಾಕಿ ಕಟ್ಟಿದ್ದರಿ ಅದು. ಒಳಗ ಹೋದ ನೀರಿಗೆ ಹಾದಿನ ಇಲ್ಲ. ತಳಘರ ತಗಿಯಾಗ ಈ ಕಡಿ ಗಚ್ಚ ಬಿರದದ, ಇಲ್ಲೇ ಬರಾಕತ್ತಾವ."

ಗುರುಸಿದ್ಧ ನಗಲಿಲ್ಲ. ನಕ್ಕಿದ್ದರೆ ಆಕೆಗೆ ಬೈಯಲು ಒಂದು ನೆಪವಾದರೂ ಸಿಗುತ್ತಿತ್ತು.

"ಈಗೇನ ಮಾಡೂದು?" ಎಂದು ಸಾತಪ್ಪನನ್ನೇ ಕೇಳಿದಳು.

"ಹಗೇವು ಖಾಲಿ ಮಾಡಿ ಮುರುಮ ಮಣ್ಣ ತುಂಬಿ ಬಡೀಬೇಕು. ಪೈಪ ಮೊದಲಿನ ಹಾದೀಲೇ ಗಟಾರಕ್ಕ ಒಯ್ಯಬೇಕು. ಬ್ಯಾರೆ ಕಡಿ ಇಳುಕಲ ಇಲ್ಲರಿ."

ಮೊದಲಿನ ಹಾದಿ ಎಂದರೆ ಗುರುಸಿದ್ಧನ ಅಂಗಳ. ನಾಲ್ಕು ಮಂದಿಯೂ ಆಕೆಯ ಮುಖವನ್ನೇ ನೋಡುತ್ತಿದ್ದರು. ಅಕ್ಕಲಕೋಟದ ಕಡೆಯಿಂದ ಗುಡುಗು ಕೇಳಿಸಿತು. ಗೋಡೆ ನೋಡುತ್ತ ಆಕೆ ಕೇಳಿದಳು: "ಹಾದಿ ಕೊಡ್ತೀಯೇನು?"

"ಗಿಡ ಒಣಗಾಕತ್ತಾಗ ನಿಮ್ಮ ಬಾಗಲಿಗೆ ಬಂದಿದ್ದೆ. ನೆನಪದ ಏನ್ರಿ, ವೈನಿ?"

ನೆನಪಿಲ್ಲದೆ ಏನು! ಅವನ ಮುಖಕ್ಕೆ ಬಡಿಯುವ ಹಾಗೆ ಬಾಗಿಲು ಹಾಕಿದವಳು ಇವಳೇ. ಗಿಡ ಆ ಬೇಸಿಗೆಯಲ್ಲೇ ಒಣಗಿ ಹೋಗಿತ್ತು.

"ಅಪ್ಪ ಹಚ್ಚಿದ ಗಿಡ ಅದು," ಎಂದ ಗುರುಸಿದ್ಧ. "ಹಾದಿ ಕೊಡ್ತೀನಿ. ಆದ್ರ ಅದ ಜಾಗಾದಾಗ ನಿಂಬಿ ಸಸಿ ನೀವ ಹಚ್ಚಬೇಕು. ನಿಮ್ಮ ಕೈಲೆ. ಇವತ್ತ."

ಗುರುಲಿಂಗಮ್ಮನ ಹಲ್ಲು ಕಟಕಟ ಎಂದಿತು. ಕೊಡವನ್ನು ಎತ್ತಿ ಅವನ ತಲೆಗೆ ಕುಕ್ಕಬೇಕು ಅನ್ನಿಸಿತು. ಬುಟ್ಟಿಗಳ ಕಡೆ ನೋಡಿದಳು. ಹದಿನೈದು ದಿನ, ಎಂಟು ಹೆಂಗಸರು. ಸೋಮವಾರಕ್ಕೆ ಎರಡೇ ದಿನ.

"ತರ್ತೀನಿ," ಎಂದಳು, "ಮುಳ್ಳ ಜಾಸ್ತಿ ಇದ್ದದ್ದ ನೋಡಿ ತರ್ತೀನಿ."

ಸಾತಪ್ಪನ ಕೈಯಲ್ಲಿದ್ದ ಗುದ್ದಲಿ ಕಸಿದುಕೊಂಡು ಮೆಟ್ಟಿಲು ಹತ್ತಿದಳು.