ಗಡ್ಡದ ಪ್ರಶ್ನೆ

ಯೋಗಿರಾಜನ ಗಡ್ಡ ತೆಗೆಸಬೇಕೋ ಬೇಡವೋ ಎಂಬ ಗಹನವಾದ ಪ್ರಶ್ನೆಯ ಇತ್ಯರ್ಥಕ್ಕಾಗಿ ಮಹಾರಾಷ್ಟ್ರದ ಗಡಿಯೂರು ವಾಗದರಿಯಲ್ಲಿ ಅವನ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ಗಡ್ಡದ ಒಡೆಯ ಮಾತ್ರ ಜೈಲಿನಲ್ಲಿದ್ದ. ಬುದ್ಧಿ ಕೆಟ್ಟಾಗ ಸೋದರಮಾವನನ್ನು ಕೊಂದು ಜೀವಾವಧಿ ಶಿಕ್ಷೆ ಪಡೆದವನು, ಈಗಲೂ ಅದೇ ಮಾವನ ಜೊತೆ ದಿನವೂ ಗೋಡೆಗೆ ಮುಖಮಾಡಿ ಮಾತಾಡುತ್ತಿದ್ದ. ಜೈಲಿಗೆ ಬಂದು ಪರೀಕ್ಷಿಸಲಿದ್ದ ಡಾಕ್ಟರರು ಹುಚ್ಚನೆಂದು ಬರೆದುಕೊಟ್ಟರೆ ರಾಜ್ಯಪಾಲರು ಕ್ಷಮಿಸಿ ಮನೆಗೆ ಕಳಿಸಬಹುದೆಂಬ ಆಸೆಯಿತ್ತು.

“ಹ್ಯಾಂಗ ಇದ್ದಾನ ಹಂಗ ಇರ್ಲಿ ಬಿಡ್ರಿ, ಅವ್ವಾರ,” ಎಂದರು ಸೊಲ್ಲಾಪುರದಿಂದ ಬಂದಿದ್ದ ವಕೀಲರು.

“ದೊಡ್ಡ ಮಂದಿ ನೋಡಾಕ ಬರ್ತಾರ. ಭಿಕಾರಿ ಗತೆ ಕುಂತರ ಚಲೋ ಕಾಣತೈತೇನ್ರಿ?” ಎಂದಳು ತಾಯಿ ನೀಲಗಂಗಾ.

“ಯವ್ವಾ, ಅವರೇನ್ ಹೆಣ್ಣು ಕೊಡಾಕ ಬರಾಕತ್ತಿಲ್ಲ,” ಎಂದ ಹಿರಿಯ ಮಗ ಬಂಡೆಪ್ಪ.

ನೀಲಗಂಗಾ ಜೈಲಿನ ಭೇಟಿಯ ದಿನ ಜಾಳಿಗೆಯ ಆಚೆಯಿದ್ದ ಮಗನಿಗೆ ಹೇಳಿದಳು: “ಗಡ್ಡ ತೆಗಿಸ್ಕೋ, ಅಪ್ಪಾ. ಡಾಕ್ಟರ್ ಸಾಹೇಬ್ರಿಗಿ ನಮಸ್ಕಾರ ಮಾಡು. ಕೇಳಿದ್ದಕ್ಕ ನೆಟ್ಟಗ ಜವಾಬು ಕೊಡು. ಅವತ್ತೊಂದಿನ ಮಾಮಾನ ಕೂಡ ಮಾತಾಡಬ್ಯಾಡ.”

“ಮಾಮಾ ಸಿಟ್ಟಾಗ್ತಾನವ್ವ.”

“ನಾ ಹೇಳೀನಿ ಅನ್ನು. ನಮ್ಮಣ್ಣ ಅವ, ನನ್ನ ಮಾತು ಮೀರಂಗಿಲ್ಲ.”

ತಾಯಿಯ ಮಾತನ್ನು ಯೋಗಿರಾಜನೂ ಮೀರಿದವನಲ್ಲ. ನುಣ್ಣಗೆ ಬೋಳಿಸಿಕೊಂಡು, ಡಾಕ್ಟರರ ಮುಂದೆ ಕೈಮುಗಿದು ಕೂತು, ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಚೊಕ್ಕವಾಗಿ ಉತ್ತರಿಸಿದ. ಮಾವನೂ ಸುಮ್ಮನಿದ್ದಿರಬೇಕು. ಬುದ್ಧಿ ನೆಟ್ಟಗಿದೆಯೆಂದು ಡಾಕ್ಟರರು ಬರೆದರು. ಕ್ಷಮಾದಾನದ ಅರ್ಜಿ ತಿರಸ್ಕೃತವಾಯಿತು.