ಗಿರಣಿ ಸೇರಿದ ವರ್ಷ

ಸಿರುಗುಪ್ಪದ ಸಾಹುಕಾರ ಕೊಟ್ರಬಸಪ್ಪನವರ ಅಕ್ಕಿ ಗಿರಣಿಯಲ್ಲಿ ಕೌಸರ್ ಒಂಬತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದಳು. ಬಳ್ಳಾರಿಯ ಕೌಲ್ ಬಜಾರ್‌ನಿಂದ ದಿನಾ ಬಸ್ಸಿನಲ್ಲಿ ಬರುವವಳು ದಾರಿಯುದ್ದಕ್ಕೂ ತೂಕಡಿಸುತ್ತಿದ್ದಳು. ಈ ತಿಂಗಳು ಮಾತ್ರ ಕಣ್ಣು ಮುಚ್ಚಲಿಲ್ಲ. ದುಬೈನ ವ್ಯಾಪಾರಿಯೊಬ್ಬ ಗಿರಣಿಯಲ್ಲಿ ಪಾಲು ಕೊಳ್ಳಲು ಮುಂದೆ ಬಂದಿದ್ದ. ಅವನದು ಒಂದೇ ಷರತ್ತು: ಲೆಕ್ಕಪತ್ರವೆಲ್ಲ ಸಣ್ಣ ಉದ್ದಿಮೆಗಳಿಗಿರುವ ಅಂತರರಾಷ್ಟ್ರೀಯ ಮಾನದಂಡದಂತೆ ಇರಬೇಕು.

ಆಡಿಟರ್ ಶಶಿಕಾಂತ್ ಕೊಟ್ಟ ಪಟ್ಟಿ ಹಿಡಿದು ಒಂದೊಂದೇ ಸರಿಮಾಡುತ್ತ ಬಂದವಳು, ದುಡಿದ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯ ಹತ್ತಿರ ನಿಂತಳು. ಇಲ್ಲಿ ಆಳು ಕೆಲಸ ಬಿಟ್ಟ ದಿನ ಸಾಹುಕಾರರು ತಮಗೆ ತೋಚಿದ್ದು ಕೊಡುತ್ತಿದ್ದರು. ಅಲ್ಲಿಯತನಕ ಪುಸ್ತಕದಲ್ಲಿ ಅದರ ಸುಳಿವೇ ಇರುತ್ತಿರಲಿಲ್ಲ. ಹೊಸ ಪದ್ಧತಿಯಲ್ಲಿ, ಜನ ಇಲ್ಲಿಯವರೆಗೆ ದುಡಿದದ್ದಕ್ಕೆ ಕೊಡಬೇಕಾದದ್ದನ್ನು ಈಗಲೇ ಗಿರಣಿಯ ಸಾಲವೆಂದು ತೋರಿಸಬೇಕು. ಇಪ್ಪತ್ತೆರಡು ಜನ. ಯಾರು ಯಾವಾಗ ಸೇರಿದರೆಂಬ ದಾಖಲೆಯಿಲ್ಲ.

ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡಳು. ಬಾಯ್ಲರ್ ನೋಡಿಕೊಳ್ಳುವ ದಸ್ತಗೀರಸಾಬ್ ರಜೆಯಲ್ಲಿದ್ದರು. ಭಾನುವಾರ ಕುರುಗೋಡಿನ ಅವರ ಮನೆಗೇ ಹೋದಳು.

“ಮಗಳು ಹುಟ್ಟಿದ ವರ್ಷ ಬಾಯ್ಲರ್‌ಗೆ ನಿಂತೀನವಾ. ಆಕಿಗೀಗ ಇಪ್ಪತ್ತಾರು,” ಎಂದರು.

ಕೂಡಿಸಿ ನೋಡಿದರೆ ಹತ್ತೊಂಬತ್ತು ಲಕ್ಷ. ಗಿರಣಿಯ ಸ್ವಂತ ಬಂಡವಾಳದಿಂದ ಅಷ್ಟೂ ಕಳೆಯಬೇಕು.

ಕೊಟ್ರಬಸಪ್ಪನವರು ಹಾಳೆ ನೂಕಿದರು. “ಹತ್ತು ವರ್ಷದ ಹಿಂದ ಗಿರಣಿ ಹೆಸರು ಬದಲಾತಲ್ಲ, ಎಲ್ಲಾರೂ ಆಗ ಸೇರ್ಯಾರ ಅಂತ ಹಾಕಿಬಿಡು. ಸಾಲ ಕಡಿಮಿ ಆಗತೈತಿ.”

“ಹಂಗ ಬರಿಯಾಕ ನನ್ನ ಕೈಲಿ ಆಗಂಗಿಲ್ರಿ ಸಾವ್ಕಾರ್ರ.”

“ನಿನ್ನ ಪಗಾರ ಎಲ್ಲಿಂದ ಬರತೈತಿ, ಗೊತ್ತೈತಿಲ್ಲ?”

ಎರಡು ದಿನ ಅವರು ಅವಳತ್ತ ನೋಡಲಿಲ್ಲ. ಬಸ್ಸಿನಲ್ಲಿ ಕೌಸರ್ ಅದನ್ನೇ ಯೋಚಿಸಿದಳು. ದುಬೈನವನು ಹಿಂದೆ ಸರಿದು ಗಿರಣಿ ನಿಂತರೆ? ಆ ಇಪ್ಪತ್ತೆರಡು ಮನೆಗಳ ಒಲೆ ಆರಿಸಿದವಳು ತಾನೇ ಆಗುವುದಿಲ್ಲವೇ?

ಮೂರನೆಯ ದಿನ ಸಾಹುಕಾರರೇ ಆಳುಗಳ ಪಟ್ಟಿ ತರಿಸಿಕೊಂಡು ಬೆರಳಿಟ್ಟು ಓದಿದರು.

“ದಸ್ತಗೀರಂದು ತಪ್ಪೈತಿ.”

ಕೌಸರ್ ತಾನು ಬರೆದುಕೊಂಡಿದ್ದ ಚೀಟಿ ತೋರಿಸಹೋದಳು.

“ಬಾಯ್ಲರ್‌ಗೆ ಹಾಕಿದ್ದು ಆ ವರ್ಷ, ಖರೆ. ಅದಕ್ಕೂ ಮೂರು ವರ್ಷ ಮೊದ್ಲು, ನಮ್ಮಪ್ಪಾರ ಕಾಲದಾಗ, ಚೀಲ ಹೊರಾಕ ಬಂದಾನ. ನಾನೇ ನೋಡೀನಿ. ಇಪ್ಪತ್ತೊಂಬತ್ತು ಮಾಡು.”

ತಿದ್ದಿಸಿ ಸಹಿ ಹಾಕಿ ಎದ್ದುಹೋದರು.

ದುಬೈನವನು ಬೆಲೆ ಇಳಿಸಿದನಾದರೂ ಪಾಲು ಕೊಂಡ. ಹೊಸ ಯಂತ್ರ ತರುವುದು ಮುಂದೆ ಹೋಯಿತು. ಸಾಹುಕಾರರು ಕೌಸರ್‌ಗೆ ಏರಿಸುತ್ತೇನೆಂದಿದ್ದ ಸಂಬಳವೂ ಏರಲಿಲ್ಲ.

ಗ್ರಾಚ್ಯುಟಿ ಲೆಕ್ಕಕ್ಕೆ ಸೇರಿದ ಸುದ್ದಿ ಕೇಳಿ ದಸ್ತಗೀರಸಾಬ್ ಆಫೀಸಿನ ಬಾಗಿಲಿಗೆ ಬಂದರು. “ಬರದಿ ಅಂತಲ್ಲವಾ. ರೊಕ್ಕ ಎಲ್ಲೈತಿ?”

“ಪುಸ್ತಕದಾಗ ಐತಿ ಚಾಚಾ. ಬ್ಯಾಂಕಿನಾಗ ಇನ್ನೂ ಇಲ್ಲ.”

ಅವರು ತಲೆಯಾಡಿಸಿ ಕೆಲಸಕ್ಕೆ ಮರಳಿದರು. ಕೌಸರ್‌ಗೆ ಕೂರಲಾಗಲಿಲ್ಲ. ಮಧ್ಯಾಹ್ನವೇ ಬ್ಯಾಂಕಿಗೆ ಹೋಗಿ, ಆಳುಗಳ ಗ್ರಾಚ್ಯುಟಿಗೆಂದೇ ಹಣ ತೆಗೆದಿಡಲು ಅರ್ಜಿ ತಂದು ಸಾಹುಕಾರರ ಮುಂದಿಟ್ಟಳು.

“ನೋಡಾಣ ತಡಿ,” ಎಂದರು ಅವರು.

ಅವಳು ಅಲ್ಲಿಂದ ಕದಲಲಿಲ್ಲ. ಬಹಳ ಹೊತ್ತಿನ ಮೇಲೆ ಎರಡು ಲಕ್ಷಕ್ಕೆ ಚೆಕ್ ಬರೆದುಕೊಟ್ಟರು. ಉಳಿದದ್ದು ಯಾವಾಗ ಎಂದು ಅವರು ಹೇಳಲಿಲ್ಲ. ನಾಳೆ ಕೇಳಬೇಕು, ನಾಡಿದ್ದೂ ಕೇಳಬೇಕು ಎಂದುಕೊಳ್ಳುತ್ತ ಅವಳು ಹೊರಬಂದಳು.